ನಡು ಸೀಳುವ ಇಪ್ಪತ್ತು ನಿಮಿಷ

ಇಪ್ಪತ್ತು ನಿಮಿಷ. ಕೈಯಲ್ಲಿರುವುದು ಅಷ್ಟೇ. ಅಷ್ಟರೊಳಗೆ ಈ ಜೀವ ತನ್ನನ್ನು ತಾನೇ ನಡುವಿಗೆ ಸೀಳಿಕೊಳ್ಳಬೇಕು. ಹನಿ ಸೋರಬಾರದು. ಎಳೆ ಹರಿಯಬಾರದು. ಸೀಳಿದ ಎರಡೂ ಹೋಳು ಬದುಕಬೇಕು.

ಜೀವದ ಹೆಸರು ಇ. ಕೋಲೈ. 1885ರಲ್ಲಿ ಮಕ್ಕಳ ವೈದ್ಯ ಥಿಯೋಡರ್ ಎಷರಿಶ್ ಎಳೆಗೂಸುಗಳ ಮಲದಲ್ಲಿ ಕಂಡು ಹಿಡಿದ ಬ್ಯಾಕ್ಟೀರಿಯಾ. ನಮ್ಮ ನಿಮ್ಮ ಕರುಳಲ್ಲೂ ಈ ಹೊತ್ತಿನಲ್ಲಿ ಈಜಾಡುತ್ತಿದೆ. ಹುಟ್ಟಿದಾಗ ಉದ್ದ 2 ಮೈಕ್ರಾನಿನ ಆಸುಪಾಸು, ಅಗಲ ಸುಮಾರು 1 ಮೈಕ್ರಾನ್. ಐನೂರನ್ನು ತುದಿಗೆ ತುದಿ ತಾಗಿಸಿ ಮಲಗಿಸಿದರೆ 1 ಮಿಲಿಮೀಟರ್ ತುಂಬುತ್ತದೆ. 37 ಡಿಗ್ರಿ ಬೆಚ್ಚಗೆ, ಬೇಕಾದಷ್ಟು ಆಹಾರ ಕೊಡಿ. ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ.

ಹೇಳುವುದು ಸುಲಭ. ಮಾಡುವುದು ಪ್ರಾಣದ ಮೇಲಿನ ಆಟ.

ಏಕೆಂದರೆ ಕೋಶದೊಳಗೆ ಒತ್ತಡ ಉಬ್ಬಿ ನಿಂತಿದೆ. ಹೆಚ್ಚಿನ ಅಂದಾಜನ್ನು ಹಿಡಿದರೆ ಗಾಳಿ ತುಂಬಿದ ಕಾರಿನ ಟೈರಿನಷ್ಟು. ಅದನ್ನು ತಡೆದು ನಿಂತಿರುವ ಗೋಡೆಯ ದಪ್ಪ ಕೆಲವೇ ನ್ಯಾನೊಮೀಟರ್. ಸಕ್ಕರೆಯ ಸರಪಳಿಗಳನ್ನು ಅಮೈನೊ ಆಮ್ಲದ ಗಿಡ್ಡ ಕೊಂಡಿಗಳಿಂದ ಹೆಣೆದ ಬಲೆ ಅದು. ಆ ಬಲೆಯ ಒಳಗೊಂದು ಕೊಬ್ಬಿನ ಪೊರೆ, ಹೊರಗೊಂದು. ಬಲೆಯಲ್ಲಿ ಒಂದು ಕಣ್ಣು ಅಳತೆ ಮೀರಿ ಹರಿದರೂ ಸಾಕು, ಕೋಶ ಸಿಡಿಯುತ್ತದೆ.

ಗಾಳಿ ತುಂಬಿದ ಟೈರು. ಗಾಳಿ ಬಿಡುವಂತಿಲ್ಲ, ಗಾಡಿ ನಿಲ್ಲಿಸುವಂತಿಲ್ಲ. ಓಡುತ್ತಿರುವಾಗಲೇ ಅದನ್ನು ಎರಡು ಟೈರಾಗಿ ಕತ್ತರಿಸಬೇಕು. ಮೊದಲ ಪ್ರಶ್ನೆಯೇ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ: ಎಲ್ಲಿ?

ಅಳತೆಪಟ್ಟಿ ಇಲ್ಲ. ಕಣ್ಣಿಲ್ಲ. ತುದಿಯ ಹತ್ತಿರ ಕತ್ತರಿಸಿದರೆ ಕೆಲಸ ಕೆಟ್ಟಂತೆ. ಹಾಗೆ ಕೆಟ್ಟದ್ದನ್ನು ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದವರು 1967ರಲ್ಲೇ ವರದಿ ಮಾಡಿದರು. ಅವರ ಕೈಗೆ ಸಿಕ್ಕ ಒಂದು ತಳಿ ತುದಿಯಲ್ಲಿ ಪುಟ್ಟ ಪುಟ್ಟ ಗುಂಡುಗಳನ್ನು ಕತ್ತರಿಸಿ ಉದುರಿಸುತ್ತಿತ್ತು. ಗುಂಡುಗಳೊಳಗೆ ವರ್ಣತಂತುವೇ ಇಲ್ಲ. ಉಸಿರಿದ್ದೂ ವಂಶವಿಲ್ಲದ ಹೋಳುಗಳು. ಆ ತಳಿಯಲ್ಲಿ ಕಾವಲು ಕೈಕೊಟ್ಟಿತ್ತು.

ಯಾರ ಕಾವಲು?

ಮೂರು ಪ್ರೊಟೀನುಗಳದ್ದು: ಮಿನ್-ಸಿ, ಮಿನ್-ಡಿ, ಮಿನ್-ಇ. ಮಿನ್-ಡಿ ಎಟಿಪಿ ಇಂಧನ ತುಂಬಿಕೊಂಡು ಒಂದು ತುದಿಯ ಪೊರೆಗೆ ಹೋಗಿ ಅಂಟುತ್ತದೆ. ಅದರ ಬೆನ್ನೇರಿ ಮಿನ್-ಸಿ ಬರುತ್ತದೆ. ವಿಭಜನೆಯ ಕಟ್ಟಡ ಎಲ್ಲಿ ತಲೆಯೆತ್ತಿದರೂ ಮುರಿಯುವುದು ಅದರ ಕಸುಬು. ಅಷ್ಟರಲ್ಲಿ ಮಿನ್-ಇ ಅಟ್ಟಿಸಿಕೊಂಡು ಬರುತ್ತದೆ. ಮಿನ್-ಡಿಯ ಇಂಧನ ಸುಡಿಸುತ್ತದೆ, ಪೊರೆಯಿಂದ ಕಿತ್ತೊಗೆಯುತ್ತದೆ. ಕಿತ್ತ ಮಿನ್-ಡಿ ತೇಲಿ, ಮತ್ತೆ ಇಂಧನ ತುಂಬಿಕೊಂಡು, ಎದುರು ತುದಿಗೆ ಹೋಗಿ ಅಂಟುತ್ತದೆ. ಅಲ್ಲಿಗೂ ಮಿನ್-ಇ ಬರುತ್ತದೆ.

ಆ ತುದಿ, ಈ ತುದಿ. ಆ ತುದಿ, ಈ ತುದಿ. 1999ರಲ್ಲಿ ರಾಸ್ಕಿನ್ ಮತ್ತು ಡಿ ಬೋರ್ ಈ ಗಸ್ತನ್ನು ಹೊಳೆಯುವ ಪ್ರೊಟೀನಿನ ಸಹಾಯದಿಂದ ಕಣ್ಣಾರೆ ಕಂಡರು. ಒಂದು ಸುತ್ತಿಗೆ ನಲವತ್ತು ಸೆಕೆಂಡಿನ ಆಸುಪಾಸು. ಬಿಸಿ ಏರಿದರೆ ಇನ್ನೂ ಚುರುಕು. ಇಪ್ಪತ್ತು ನಿಮಿಷದ ಆಯುಷ್ಯದಲ್ಲಿ ಕಡಿಮೆಯೆಂದರೂ ಮೂವತ್ತು ಸುತ್ತು. ಕಾವಲುಗಾರ ಎರಡೂ ಕೊನೆಯಲ್ಲಿ ನಿಲ್ಲುತ್ತಾನೆ, ನಡುವನ್ನು ದಾಟಿ ಹೋಗುತ್ತಾನೆ. ಕಾವಲು ಅತಿ ಸಡಿಲವಾದ ಜಾಗ ಒಂದೇ: ನಟ್ಟನಡು.

ನಡು ಸಿಕ್ಕಿತು. ಆದರೆ ಅಲ್ಲಿ ಬೇರೊಬ್ಬರು ಮಲಗಿದ್ದಾರೆ.

ವರ್ಣತಂತು! 46 ಲಕ್ಷ ಅಕ್ಷರಜೋಡಿಗಳ ಡಿಎನ್‌ಎ ಉಂಗುರ. ಬಿಡಿಸಿ ಚಾಚಿದರೆ ಒಂದೂವರೆ ಮಿಲಿಮೀಟರ್, ಕೋಶದ ಉದ್ದದ ನೂರಾರು ಪಟ್ಟು. ಮಡಚಿ, ಸುರುಳಿ ಸುತ್ತಿ, ತುರುಕಿಟ್ಟ ಗಂಟು. ಅದರ ಮೇಲೆ ಗೋಡೆ ಎದ್ದರೆ ಗಿಲೊಟಿನ್ ಬಿದ್ದಂತೆ. ಇದರ ಪ್ರತಿಯೆತ್ತಲು ಯಂತ್ರಗಳು ಸೆಕೆಂಡಿಗೆ ಸಾವಿರದಷ್ಟು ಅಕ್ಷರ ಓಡಿದರೂ ನಲವತ್ತು ನಿಮಿಷ ಬೇಕು. ಕೋಶದ ಬಳಿ ಇರುವುದು ಇಪ್ಪತ್ತು! ಲೆಕ್ಕ ಹೊಂದುವುದಿಲ್ಲ. ಕೋಶ ಹೊಂದಿಸುತ್ತದೆ. ಒಂದು ಪ್ರತಿ ಮುಗಿಯುವ ಮುನ್ನವೇ ಮುಂದಿನದಕ್ಕೆ ಕೈಹಾಕುತ್ತದೆ. ಮಗಳಿಗೆ ಬೇಕಾದ ಪ್ರತಿಯ ಕೆಲಸ ಅಜ್ಜಿಯ ಕಾಲದಲ್ಲೇ ಶುರುವಾಗಿರುತ್ತದೆ. 1968ರಲ್ಲಿ ಕೂಪರ್ ಮತ್ತು ಹೆಲ್ಮ್‌ಸ್ಟೆಟರ್ ಈ ಗಣಿತ ಬಿಡಿಸಿದಾಗಿನಿಂದ ಓದುವವರೆಲ್ಲ ಒಮ್ಮೆ ಉಸಿರು ಬಿಗಿಹಿಡಿದಿದ್ದಾರೆ.

ಆ ಗಂಟಿಗೂ ಅಂಗರಕ್ಷಕನಿದ್ದಾನೆ. ಎಸ್‌ಎಲ್‌ಎಂ-ಎ ಎಂಬ ಪ್ರೊಟೀನು ಡಿಎನ್‌ಎ ಮೇಲೆ ಅಲ್ಲಲ್ಲಿ ಕೂತಿರುತ್ತದೆ. ಹತ್ತಿರ ಬಂದ ವಿಭಜನೆಯ ಎಳೆಗಳನ್ನು ಮುರಿದು ಹಾಕುತ್ತದೆ. ಎರಡು ವರ್ಣತಂತುಗಳು ಅತ್ತಿತ್ತ ಸರಿಯುತ್ತಿದ್ದಂತೆ ನಡುವೆ ಒಂದು ಸಂದು ತೆರೆಯುತ್ತದೆ. ಕಿರಿದಾದ ಸಂದು.

ಈಗ. ಈಗಲೇ. ಯಾರು ಮೊದಲು ಧುಮುಕುವುದು?

ಈ ಮೊದಲಿಗನನ್ನು ಹಿಡಿಯಲು ಮನುಷ್ಯರಿಗೆ ದಶಕಗಳು ಬೇಕಾದವು. 1960ರ ದಶಕ, ಪ್ಯಾರಿಸ್, ಪಾಸ್ಚರ್ ಸಂಸ್ಥೆ. ಯುಕಿನೋರಿ ಹಿರೋತಾ, ಆಂತ್ವಾನೆಟ್ ರೈಟರ್, ಫ್ರಾನ್ಸ್ವಾ ಜಾಕೊಬ್ ವಿಚಿತ್ರ ಕೋಶಗಳ ಬೇಟೆಗೆ ಇಳಿದಿದ್ದರು. 30 ಡಿಗ್ರಿಯಲ್ಲಿ ಸರಿಯಾಗಿ ಒಡೆಯುತ್ತವೆ. 42ಕ್ಕೆ ಏರಿಸಿ, ಬೆಳೆಯುತ್ತವೆ, ಒಡೆಯುವುದಿಲ್ಲ. ಉದ್ದಕ್ಕೆ, ಇನ್ನೂ ಉದ್ದಕ್ಕೆ, ಶಾವಿಗೆಯಂತೆ. ಬಿಸಿಗೆ ಎಳೆಯಾಗುವ ಈ ತಳಿಗಳಿಗೆ ಎಫ್‌ಟಿಎಸ್ ಎಂದು ಹೆಸರಿಟ್ಟು, ಎ, ಬಿ, ಸಿ ಎಂದು ಗುಂಪು ಮಾಡುತ್ತಾ ಹೋದರು. 1980ರಲ್ಲಿ ಜೋ ಲುಟ್ಕೆನ್‌ಹಾಸ್ ಮತ್ತು ಸಂಗಡಿಗರು ‘ಎ’ ಜೀನಿನ ಮಗ್ಗುಲಲ್ಲೇ ಅಡಗಿ ಕೂತಿದ್ದ ಇನ್ನೊಂದನ್ನು ಎಳೆದು ತಂದರು. ಅದಕ್ಕೆ ಝಡ್ ಎಂದರು.

ಅಕ್ಷರಮಾಲೆಯಲ್ಲಿ ಕಟ್ಟಕಡೆಯದು. ರಣರಂಗದಲ್ಲಿ ಮೊದಲನೆಯದು.

1991ರಲ್ಲಿ ಎರ್ಫೈ ಬೀ ಜೊತೆ ಲುಟ್ಕೆನ್‌ಹಾಸ್ ಮತ್ತೆ ಇಳಿದರು. ಝಡ್ ಪ್ರೊಟೀನನ್ನು ಹುಡುಕಿ ಹಿಡಿಯುವ ಪ್ರತಿಕಾಯಗಳಿಗೆ ಚಿನ್ನದ ಕಣ ಕಟ್ಟಿದರು. ಕೋಶಗಳನ್ನು ತೆಳ್ಳಗೆ ಕೊಯ್ದರು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. ಕಪ್ಪು ಚುಕ್ಕೆಗಳು ಎಲ್ಲೆಲ್ಲೋ ಚೆಲ್ಲಿರಲಿಲ್ಲ. ನಡುವಿನಲ್ಲಿ, ಪೊರೆಗೆ ಒತ್ತಿಕೊಂಡು, ಉಂಗುರವಾಗಿ ನಿಂತಿದ್ದವು. ಸೊಂಟ ಇನ್ನೂ ಒಳಸರಿಯದ ಕೋಶಗಳಲ್ಲೂ ಉಂಗುರ ಅಲ್ಲಿತ್ತು. ಉಳಿದವರೆಲ್ಲ ಬರುವ ಮುನ್ನವೇ ಬಂದು ಕಾಯುತ್ತಿತ್ತು.

ಒಂದು ಕೋಶದಲ್ಲಿ ಝಡ್ ಅಣುಗಳು ಕೆಲವು ಸಾವಿರ. ಒಂದೊಂದೂ ನಾಲ್ಕು ನ್ಯಾನೊಮೀಟರ್ ಚಿಲ್ಲರೆ. ಜಿಟಿಪಿ ಇಂಧನ ಹಿಡಿದು ಒಂದರ ಬೆನ್ನಿಗೊಂದು ಕೂತು ಎಳೆಯಾಗುತ್ತವೆ. ಎಳೆ ಗಿಡ್ಡ, ನೂರು ಚಿಲ್ಲರೆ ನ್ಯಾನೊಮೀಟರ್. ಸುತ್ತಬೇಕಾದ ಸೊಂಟದ ಸುತ್ತಳತೆಯೋ 3,000 ನ್ಯಾನೊಮೀಟರ್! ಒಂದೇ ಎಳೆಯಿಂದ ಆಗದು. ಹತ್ತಾರು ತುಂಡುಗಳು ಅಕ್ಕಪಕ್ಕ ಸೇರಿ, ಸಂದುಗೊಂದು ಬಿಟ್ಟುಕೊಂಡೇ ಸುತ್ತುಕಟ್ಟುತ್ತವೆ.

ಇನ್ನೊಂದು ತೊಡಕು. ಝಡ್‌ಗೆ ಪೊರೆ ಹಿಡಿಯಲು ಕೈಯೇ ಇಲ್ಲ. ಹಿಡಿತ ತಪ್ಪಿದರೆ ಎಳೆ ಕೋಶದ್ರವದಲ್ಲಿ ತೇಲಿಹೋಗುತ್ತದೆ.

ಎರಡು ಕೊಕ್ಕೆಗಳು ನುಗ್ಗುತ್ತವೆ: ಎಫ್‌ಟಿಎಸ್-ಎ ಮತ್ತು ಜಿಪ್-ಎ. ಒಂದು ತುದಿ ಪೊರೆಯಲ್ಲಿ ನೆಡುತ್ತವೆ, ಇನ್ನೊಂದು ತುದಿಯಿಂದ ಝಡ್‌ನ ಬಾಲ ಹಿಡಿಯುತ್ತವೆ. ಒಂದಿದ್ದರೂ ಉಂಗುರ ನಿಲ್ಲುತ್ತದೆ. ಎರಡೂ ಇಲ್ಲದಿದ್ದರೆ ಉಂಗುರವೇ ಇಲ್ಲ. ಎರಡು ಹಗ್ಗ ಕಟ್ಟಿ ಬಾವಿಗಿಳಿಯುವವನ ಎಚ್ಚರ.

ಉಂಗುರ ನಿಂತಿತು. ಆದರೆ ಅದು ನಿಂತಿದೆಯೇ?

ಇಲ್ಲ. ಓಡುತ್ತಿದೆ. ಎಂಟು ಒಂಬತ್ತು ಸೆಕೆಂಡಿನಲ್ಲಿ ಉಂಗುರದ ಅರ್ಧ ಅಣುಗಳು ಕಳಚಿ ಹೋಗಿ ಹೊಸವು ಬಂದು ಕೂತಿರುತ್ತವೆ. ಪ್ರತಿ ಎಳೆಯೂ ಮುಂದಿನ ತುದಿಯಲ್ಲಿ ಬೆಳೆಯುತ್ತದೆ, ಹಿಂದಿನ ತುದಿಯಲ್ಲಿ ಕರಗುತ್ತದೆ. ಕೆಸರುಗದ್ದೆ ದಾಟಬೇಕು, ಇರುವುದು ಐದೇ ಹಲಗೆ ಎಂದುಕೊಳ್ಳಿ. ಹಿಂದಿನದನ್ನು ಎತ್ತುತ್ತೀರಿ, ಮುಂದೆ ಹಾಸುತ್ತೀರಿ, ಹೆಜ್ಜೆ ಇಡುತ್ತೀರಿ. ಯಾವ ಹಲಗೆಯೂ ನಡೆಯುವುದಿಲ್ಲ. ಹಲಗೆಯ ಸಾಲು ನಡೆಯುತ್ತದೆ. ಝಡ್‌ನ ನಡಿಗೆ ಹೀಗೆಯೇ, ಸೆಕೆಂಡಿಗೆ ಸುಮಾರು 30 ನ್ಯಾನೊಮೀಟರ್. ಅದೇ ವೇಗದಲ್ಲಿ ಸೊಂಟವನ್ನು ಒಂದು ಸುತ್ತು ಹಾಕಲು ನೂರು ಸೆಕೆಂಡು. ಈ ಓಟ ಯಾತಕ್ಕೆ? ಉತ್ತರ ಆಮೇಲೆ. ಈಗ ಪಡೆ ಬರುತ್ತಿದೆ.

ಸಾಲಾಗಿ ಬರುತ್ತಾರೆ. ಎಫ್‌ಟಿಎಸ್-ಕೆ. ಆಮೇಲೆ ಕ್ಯು, ಎಲ್, ಬಿ ಎಂಬ ಮೂವರು. ಆಮೇಲೆ ಡಬ್ಲ್ಯು. ಆಮೇಲೆ ಐ. ಕೊನೆಗೆ ಎನ್. ಮುಂದಿನವನು ಕೂರದೆ ಹಿಂದಿನವನು ಬರುವುದಿಲ್ಲ. ನಡುವಿನ ಒಬ್ಬ ಕಾಣೆಯಾದರೂ ಅವನ ಹಿಂದಿನ ಸಾಲೆಲ್ಲ ಬಾಗಿಲಲ್ಲೇ ನಿಂತುಬಿಡುತ್ತದೆ. ಕೆಲವರು ಸಂಖ್ಯೆಯಲ್ಲಿ ನೂರರ ಲೆಕ್ಕ, ಅಷ್ಟೇ. ಹೆಸರುಗಳು ಒಣ ಅಕ್ಷರಗಳು, ನಿಜ. ಆದರೆ ‘ಕೆ’ಯ ಕೆಲಸ ಒಮ್ಮೆ ನೋಡಿ.

ನೂರರಲ್ಲಿ ಹತ್ತು ಹದಿನೈದು ಕೋಶಗಳಲ್ಲಿ ಒಂದು ಅವಘಡ ನಡೆದಿರುತ್ತದೆ. ಪ್ರತಿಯೆತ್ತುವ ಗಲಾಟೆಯಲ್ಲಿ ಎರಡು ವರ್ಣತಂತುಗಳು ಒಂದಕ್ಕೊಂದು ಬೆಸೆದು ಒಂದೇ ದೊಡ್ಡ ಉಂಗುರವಾಗಿಬಿಟ್ಟಿವೆ. ಗೋಡೆ ಏರುತ್ತಿದೆ. ಬಾಗಿಲು ಕಿರಿದಾಗುತ್ತಿದೆ. ಡಿಎನ್‌ಎ ಬಾಗಿಲ ನಡುವೆ ಸಿಕ್ಕಿಕೊಂಡಿದೆ.

‘ಕೆ’ ಅಲ್ಲೇ ನಿಂತಿದೆ. ಆರು ಅಣುಗಳು ಸೇರಿ ಮಾಡಿದ ಬಳೆ, ನಡುವೆ ರಂಧ್ರ. ಡಿಎನ್‌ಎಯನ್ನು ಹಿಡಿದು ಎಳೆಯುತ್ತದೆ, ಸೆಕೆಂಡಿಗೆ ಸಾವಿರಾರು ಅಕ್ಷರ. ಜೀವಲೋಕದ ಅತಿ ವೇಗದ ಯಂತ್ರಗಳಲ್ಲಿ ಇದೊಂದು. ಕತ್ತಲಲ್ಲಿ ಯಾವ ದಿಕ್ಕಿಗೆ ಎಳೆಯಬೇಕೆಂದು ಹೇಗೆ ಗೊತ್ತು? ಡಿಎನ್‌ಎ ಮೇಲೆಯೇ ಎಂಟಕ್ಷರದ ಬಾಣಗುರುತುಗಳಿವೆ. ಎಲ್ಲವೂ ಒಂದೇ ಕಡೆ ತೋರಿಸುತ್ತವೆ: ಡಿಫ್ ಎಂಬ 28 ಅಕ್ಷರದ ಜಾಗದ ಕಡೆ. ‘ಕೆ’ ಬಾಣ ಓದುತ್ತದೆ, ಎಳೆಯುತ್ತದೆ, ಎರಡು ಡಿಫ್‌ಗಳನ್ನು ಮುಖಾಮುಖಿ ತಂದು ನಿಲ್ಲಿಸುತ್ತದೆ. ಅಲ್ಲಿ ಕಾದಿರುವ ಜೆರ್-ಸಿ, ಜೆರ್-ಡಿ ಎಂಬ ಕತ್ತರಿಗಳಿಗೆ ಕೈಸನ್ನೆ ಮಾಡುತ್ತದೆ.

ಕತ್ತರಿ ಆಡುತ್ತದೆ. ಬೆಸುಗೆ ಬದಲಾಗುತ್ತದೆ. ಒಂದು ಉಂಗುರ ಎರಡಾಗಿ ಅತ್ತಿತ್ತ ಜಾರುತ್ತದೆ. ಮುಚ್ಚುತ್ತಿರುವ ಬಾಗಿಲಿನಿಂದ ಸೆರಗು ಎಳೆದುಕೊಂಡಂತೆ, ಕೂದಲೆಳೆಯ ಅಂತರದಲ್ಲಿ.

ಎಲ್ಲ ಕೋಶಗಳಿಗೂ ಹಾದಿ ಇಷ್ಟು ನೇರವಿರುವುದಿಲ್ಲ. ಕೆಲವಕ್ಕೆ ಇದೇ ಹೊತ್ತಿನಲ್ಲಿ ಬಿಸಿಲು ಹೊಡೆಯುತ್ತದೆ.

ಅತಿನೇರಳೆ ಕಿರಣ ಬಡಿಯುತ್ತದೆ. ಡಿಎನ್‌ಎ ಗಾಯಗೊಳ್ಳುತ್ತದೆ. ಈಗ ಸೀಳಿದರೆ ಎರಡು ಹೆಣ. ಕೋಶದಲ್ಲಿ ಅಪಾಯದ ಕೂಗು ಏಳುತ್ತದೆ. ಆ ವ್ಯವಸ್ಥೆಗೆ ವಿಜ್ಞಾನಿಗಳು ಎಸ್‌ಒಎಸ್ ಎಂದೇ ಹೆಸರಿಟ್ಟಿದ್ದಾರೆ. ಸುಲ್-ಎ ಎಂಬ ಪ್ರೊಟೀನು ಹುಟ್ಟುತ್ತದೆ, ಝಡ್ ಅಣುಗಳನ್ನು ಹಿಡಿದು ಅದುಮುತ್ತದೆ. ಎಳೆಗಳಿಗೆ ಹೊಸ ಅಣು ಸಿಗುವುದಿಲ್ಲ. ಉಂಗುರ ಕರಗುತ್ತದೆ. ಕೋಶ ಒಡೆಯದೆ ಬೆಳೆಯುತ್ತದೆ, ಉದ್ದವಾಗುತ್ತದೆ, ಹಲ್ಲು ಕಚ್ಚಿ ಗಾಯ ಹೊಲಿಯುತ್ತದೆ. ರಿಪೇರಿ ಮುಗಿಯಿತೇ? ಲಾನ್ ಎಂಬ ಕಿಣ್ವ ಸುಲ್-ಎಯನ್ನು ಚಕಚಕನೆ ಕಡಿದು ಹಾಕುತ್ತದೆ. ಝಡ್ ಮತ್ತೆ ಏಳುತ್ತದೆ. ಲಾನ್ ಇಲ್ಲದ ತಳಿಗಳು ಬಿಸಿಲಿನ ಪೆಟ್ಟಿನಿಂದ ಚೇತರಿಸಿಕೊಂಡರೂ ಬ್ರೇಕು ಬಿಡಲಾರದೆ, ಎಳೆಯಾಗಿ ಬೆಳೆಯುತ್ತಲೇ ಸಾಯುತ್ತವೆ.

ನಮ್ಮ ಕೋಶಕ್ಕೆ ಅದೃಷ್ಟವಿದೆ. ಪಡೆ ಪೂರ್ತಿ ಸೇರಿದೆ. ಇನ್ನು ಒಳಕ್ಕೆ ತಳ್ಳಬೇಕು. ತಳ್ಳುವವರು ಯಾರು?

ಬಹಳ ವರ್ಷ ಎಲ್ಲರ ಕಣ್ಣೂ ಉಂಗುರದ ಮೇಲೆಯೇ ಇತ್ತು. ಎಲೆಯಡಿಕೆ ಚೀಲದ ಲಾಡಿ ಎಳೆದಂತೆ ಝಡ್ ಉಂಗುರ ಬಿಗಿಯುತ್ತದೆ, ಸೊಂಟ ಕಿರಿದಾಗುತ್ತದೆ ಎಂಬ ಕಲ್ಪನೆ. ಸೊಗಸಾದ ಚಿತ್ರ. 1998ರಲ್ಲಿ ಕೇಂಬ್ರಿಜ್‌ನಲ್ಲಿ ಯಾನ್ ಲೋವೆ ಮತ್ತು ಲಿಂಡಾ ಆಮೋಸ್ ಝಡ್‌ನ ಆಕಾರ ಬಿಡಿಸಿದಾಗ ಅದು ನಮ್ಮ ಕೋಶಗಳ ಟ್ಯೂಬುಲಿನ್ ಎಂಬ ಪ್ರೊಟೀನಿಗೆ ಹತ್ತಿರದ ನೆಂಟ ಎಂದು ಗೊತ್ತಾಗಿ, ಲಾಡಿಯ ಕಲ್ಪನೆಗೆ ಇನ್ನಷ್ಟು ಮೆರುಗು ಬಂತು. 2008ರಲ್ಲಿ ಹೆರಾಲ್ಡ್ ಎರಿಕ್ಸನ್ ತಂಡ ಪೊರೆ ಹಿಡಿಯುವ ಬಾಲ ಅಂಟಿಸಿದ ಝಡ್‌ ಒಂದನ್ನೇ ಕೊಬ್ಬಿನ ಗುಳ್ಳೆಗಳೊಳಗೆ ತುಂಬಿತು. ಉಂಗುರ ಎದ್ದಿತು. ಗುಳ್ಳೆ ಸ್ವಲ್ಪ ಒಳಸರಿಯಿತು ಕೂಡ!

ಆದರೆ ಗುಳ್ಳೆಗೆ ಗೋಡೆ ಇಲ್ಲ. ಟೈರಿನ ಒತ್ತಡವಿಲ್ಲ. ನಿಜವಾದ ಕೋಶದಲ್ಲಿ ಝಡ್‌ನ ಇಂಧನ ಸುಡುವ ಶಕ್ತಿಯನ್ನು ಕುಂದಿಸಿದರೂ ಸೊಂಟ ಕಿರಿದಾಗುವ ವೇಗ ಬಗ್ಗಲಿಲ್ಲ. ಗೋಡೆ ಕಟ್ಟುವವರ ಕೈ ಕಟ್ಟಿದಾಗ ವೇಗ ಕುಸಿಯಿತು. ಹಾಗಾದರೆ ಬೆವರು ಹರಿಸುತ್ತಿರುವವರು ಗಾರೆ ಕೆಲಸದವರು. ಝಡ್?

2017ರ ಫೆಬ್ರವರಿ. ‘ಸೈನ್ಸ್’ ಪತ್ರಿಕೆಯಲ್ಲಿ ಎರಡು ವರದಿಗಳು ಒಟ್ಟಿಗೆ ಬಂದವು. ಹಾರ್ವರ್ಡಿನ ಈಥನ್ ಗಾರ್ನರ್ ತಂಡ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದಲ್ಲಿ, ಜಾನ್ಸ್ ಹಾಪ್ಕಿನ್ಸ್‌ನ ಜೀ ಶಾವೊ ತಂಡ ಇ. ಕೋಲೈಯಲ್ಲಿ, ಒಂದೇ ದೃಶ್ಯವನ್ನು ಕಂಡಿದ್ದವು. ಗೋಡೆ ಕಟ್ಟುವ ಕಿಣ್ವಗಳು ಝಡ್ ಎಳೆಗಳ ಜೊತೆಜೊತೆಗೇ ಸೊಂಟದ ಸುತ್ತ ಓಡುತ್ತಿದ್ದವು! ಝಡ್‌ನ ಓಟ ಗಾರೆಯವರನ್ನು ಸುತ್ತಲೂ ಹಂಚುವ ಓಟ. ಇ. ಕೋಲೈಯಲ್ಲಿ ಆ ಓಟವನ್ನು ನಿಧಾನಿಸಿದಾಗ ಗೋಡೆ ಎದ್ದಿತು, ಆದರೆ ಸೊಟ್ಟಗೆ. ಒಂದು ಕಡೆ ಗುಡ್ಡೆ, ಇನ್ನೊಂದು ಕಡೆ ಬೋಳು.

ಗಾರೆಯವರೆಂದರೆ ‘ಡಬ್ಲ್ಯು’ ಮತ್ತು ‘ಐ’. ‘ಡಬ್ಲ್ಯು’ ಸಕ್ಕರೆಯ ಸರ ಪೋಣಿಸುತ್ತದೆ. ‘ಐ’ ಒಂದು ಸರವನ್ನು ಇನ್ನೊಂದಕ್ಕೆ ಕೊಂಡಿ ಹಾಕಿ ಬಿಗಿಯುತ್ತದೆ. ಆದರೆ ಬಂದ ಕೂಡಲೇ ಕೆಲಸ ಶುರು ಮಾಡುವುದಿಲ್ಲ. ಕೈಕಟ್ಟಿಕೊಂಡು ಝಡ್‌ನ ಹಿಂದೆ ಓಡುತ್ತವೆ, ಸೆಕೆಂಡಿಗೆ 30 ನ್ಯಾನೊಮೀಟರ್. ಅಪ್ಪಣೆಗೆ ಕಾಯುತ್ತವೆ.

ಅಪ್ಪಣೆ ತರುವವನು ಕಟ್ಟಕಡೆಗೆ ಬಂದ ಎಫ್‌ಟಿಎಸ್-ಎನ್.

‘ಎನ್’ ಒಳಗೆ ‘ಎ’ಯನ್ನು ಮುಟ್ಟುತ್ತದೆ, ಪೊರೆಯಾಚೆ ಕ್ಯು-ಎಲ್-ಬಿ ಮೂವರ ಹಿಡಿತ ಬದಲಾಗುತ್ತದೆ, ‘ಡಬ್ಲ್ಯು’ ಮತ್ತು ‘ಐ’ ಎಚ್ಚೆತ್ತುಕೊಳ್ಳುತ್ತವೆ. ಝಡ್‌ನ ಹಳಿ ಬಿಡುತ್ತವೆ. ವೇಗ 30ರಿಂದ ಸುಮಾರು 8ಕ್ಕೆ ಇಳಿಯುತ್ತದೆ. ಓಡುತ್ತಿದ್ದವನು ಬರಿಗೈ, ನಿಧಾನವಾದವನೇ ಕೈಯಲ್ಲಿ ಕರಣೆ ಹಿಡಿದವನು. ನನಗೆ ಈ ಇಡೀ ಕಥೆಯಲ್ಲಿ ರೋಮಾಂಚನ ತರುವ ಗಳಿಗೆ ಇದೇ. ವೇಗ ಇಳಿದ ಆ ಒಂದು ಅಂಕಿಯಲ್ಲಿ ಗೋಡೆ ಹುಟ್ಟುವ ಸದ್ದು ಕೇಳಿಸುತ್ತದೆ.

ಸದ್ದು ನಿಲ್ಲಿಸಲು ನಮಗೂ ಗೊತ್ತಿದೆ. ಪೆನಿಸಿಲಿನ್ ಮತ್ತು ಅದರ ಬಳಗ ಕೊಂಡಿ ಹಾಕುವ ಕಿಣ್ವಗಳ ಬಾಯಿಗೇ ಬೆಣೆ ಬಡಿಯುತ್ತವೆ. ಅಲ್ಪ ಪ್ರಮಾಣದ ಪೆನಿಸಿಲಿನ್ ಕೊಟ್ಟಾಗ ಬ್ಯಾಕ್ಟೀರಿಯಾ ಒಡೆಯದೆ ಎಳೆಯಾಗುವುದನ್ನು ಗಾರ್ಡ್‌ನರ್ 1940ರಲ್ಲೇ ಬರೆದಿಟ್ಟರು. ಔಷಧದಂಗಡಿಯಲ್ಲಿ ಸಿಗುವ ಸೆಫಲೆಕ್ಸಿನ್ ನೇರವಾಗಿ ‘ಐ’ಯನ್ನೇ ಹಿಡಿಯುತ್ತದೆ. ಉಂಗುರ ಸಿದ್ಧ, ಪಡೆ ಸಿದ್ಧ, ಕೊಂಡಿ ಹಾಕುವವನ ಕೈ ಮಾತ್ರ ಕಟ್ಟಿದೆ. ಕೋಶ ಉದ್ದವಾಗುತ್ತಾ ಹೋಗಿ ಕಡೆಗೆ ಸಿಡಿಯುತ್ತದೆ.

ಇಲ್ಲಿ ಔಷಧವಿಲ್ಲ. ಗೋಡೆ ಒಳಮುಖವಾಗಿ ಎದ್ದೇ ಎದ್ದಿತು. 1,000 ನ್ಯಾನೊಮೀಟರ್ ಅಗಲದ ಬಾಗಿಲು 700ಕ್ಕೆ. 500ಕ್ಕೆ. 300ಕ್ಕೆ.

ಕಟ್ಟುವುದು ಅರ್ಧ ಕೆಲಸ. ಕಟ್ಟಿದ್ದನ್ನು ಅದೇ ಉಸಿರಿನಲ್ಲಿ ಎರಡು ಪದರವಾಗಿ ಸೀಳಬೇಕು, ಇಲ್ಲವಾದರೆ ಎರಡು ಮಕ್ಕಳೂ ಬೆನ್ನಿಗೆ ಬೆನ್ನು ಅಂಟಿ ಉಳಿಯುತ್ತವೆ. ಅಮಿ-ಎ, ಅಮಿ-ಬಿ, ಅಮಿ-ಸಿ ಎಂಬ ಕತ್ತರಿಗಳು ಬರುತ್ತವೆ. ಒತ್ತಡ ತುಂಬಿದ ಗೋಡೆಯ ಬಳಿ ಬಿಚ್ಚಿದ ಕತ್ತರಿ! ಒಂದು ತಪ್ಪು ಕೊಯ್ತ, ಸ್ಫೋಟ. ಹಾಗಾಗಿ ಅವುಗಳ ಬಾಯಿಗೆ ಬೀಗವಿದೆ. ಬೀಗದ ಕೈ ಉಂಗುರದಲ್ಲಿ ಕೂತವರ ಬಳಿ ಇದೆ. ತೆರೆದಷ್ಟೇ ಕೊಯ್ಯುತ್ತವೆ. ಕೊಯ್ದ ಜಾಗದಲ್ಲಿ ಬರಿಯ ಸಕ್ಕರೆಯ ಸರ ಉಳಿಯುತ್ತದೆ. ಅದನ್ನು ಗುರುತಿಸಿ ಹಿಡಿಯುವ ಕೈ ‘ಎನ್’ಗಿದೆ. ಇನ್ನಷ್ಟು ‘ಎನ್’ ಬರುತ್ತದೆ. ಇನ್ನಷ್ಟು ಗಾರೆಯವರು ಎಚ್ಚೆತ್ತುಕೊಳ್ಳುತ್ತಾರೆ. ಕಟ್ಟು, ಕೊಯ್ಯಿ, ಕರೆ. ಕಟ್ಟು, ಕೊಯ್ಯಿ, ಕರೆ. ಇನ್ನು ಹಿಂದೆ ಸರಿಯುವ ಮಾತಿಲ್ಲ.

ಹೊರಪೊರೆ ಹಿಂದೆ ಉಳಿಯುತ್ತಿದೆ. ಟಾಲ್-ಪಾಲ್ ಎಂಬ ಎಳೆಗಾರರು ಅದನ್ನು ಒಳಗಿನ ಗೋಡೆಗೆ ಒತ್ತಿ ಎಳೆದು ತರುತ್ತಾರೆ. ಮೂರು ಪದರ, ಒಂದೇ ಹೆಜ್ಜೆ. 200. 100.

ಆಗ, ಗುರಿ ಕಣ್ಣೆದುರು ಇರುವಾಗಲೇ, ಝಡ್ ಹೊರಡುತ್ತದೆ.

2014ರಲ್ಲಿ ಸ್ಟಾಕ್‌ಹೋಮ್‌ನ ಸಂಶೋಧಕರು ಇದನ್ನು ತೋರಿಸಿಕೊಟ್ಟರು. ಒಳಪೊರೆ ಪೂರ್ತಿ ಮುಚ್ಚಿಕೊಳ್ಳುವ ಮುನ್ನವೇ ಝಡ್ ಉಂಗುರ ಕಳಚಿಹೋಗಿರುತ್ತದೆ. ಮೊದಲು ಬಂದವನು ಮೊದಲು ಹೋಗುತ್ತಾನೆ. ಕಡೆಯ ಕೆಲವು ನ್ಯಾನೊಮೀಟರನ್ನು ಉಳಿದವರು ಮುಗಿಸುತ್ತಾರೆ. ಪೊರೆಯ ಎರಡು ಅಂಚು ಮುಟ್ಟುತ್ತವೆ. ಬೆಸೆಯುತ್ತವೆ. ತೂತು ಮುಚ್ಚಿತು.

ಹನಿ ಸೋರಲಿಲ್ಲ.

ಎರಡು ಕೋಶಗಳು ಒಂದನ್ನೊಂದು ದೂಡಿಕೊಂಡು ಬೇರೆಯಾಗುತ್ತವೆ. ಎರಡರ ಒಳಗೂ ಮಿನ್-ಡಿ ಆಗಲೇ ಹೊಸ ತುದಿಯತ್ತ ಧಾವಿಸುತ್ತಿದೆ, ಬೆನ್ನಟ್ಟಿ ಮಿನ್-ಇ. ವರ್ಣತಂತುಗಳ ಪ್ರತಿ ಅರ್ಧ ಮುಗಿದಿದೆ. ಕೆಲಸ ಬಿಟ್ಟು ಮೊದಲೇ ಹೊರಟ ಝಡ್ ಅಣುಗಳು ಕೋಶದ್ರವದಲ್ಲಿ ತೇಲುತ್ತಾ ಎರಡೂ ಕಡೆ ಹಂಚಿಹೋಗಿವೆ. ಒಂದು ಅಣು ಜಿಟಿಪಿ ಹಿಡಿಯುತ್ತದೆ. ಇನ್ನೊಂದು ಅದರ ಬೆನ್ನಿಗೆ ಬಂದು ಕೂರುತ್ತದೆ. ಮತ್ತೊಂದು. ಹೊಸ ನಡುವಿನ ಪೊರೆಗೆ ಒಂದು ಗಿಡ್ಡ ಎಳೆ ತಾಗುತ್ತದೆ, ಕೊಕ್ಕೆಯೊಂದು ಅದರ ಬಾಲ ಹಿಡಿಯುತ್ತದೆ.

ಇಪ್ಪತ್ತು ನಿಮಿಷ. ಗಡಿಯಾರ ಓಡುತ್ತಿದೆ.